ಮನೆಯಲ್ಲೇ ಕಾರಿನ ಬ್ರೇಕ್ ಬ್ಲೀಡಿಂಗ್: ಗಾಳಿ ಹೊರಗೆ ಹೋಗಬೇಕು, ಮತ್ತೆ ಒಳಗೆ ಬರಬಾರದು

ಬ್ರೇಕ್ ಪೆಡಲನ್ನು ತುಳಿದಾಗ ಕಾಲಿಗೆ ಗಟ್ಟಿಯಾದ ನೆಲೆ ಸಿಗಬೇಕು. ಅದರ ಬದಲು ಪೆಡಲ್ ಹತ್ತಿಯ ದಿಂಬಿನಂತೆ ಮೆತ್ತಗೆ ಒಳಕ್ಕೆ ಹೋಗುತ್ತಿದ್ದರೆ, ಎರಡು ಮೂರು ಬಾರಿ ಬೇಗಬೇಗ ತುಳಿದ ಮೇಲಷ್ಟೇ ಸ್ವಲ್ಪ ಮೇಲೆದ್ದು, ಆಗಲೂ ಸ್ಪ್ರಿಂಗಿನಂತೆ ಪುಟಿಯುತ್ತಿದ್ದರೆ, ಬ್ರೇಕಿನ ಪೈಪುಗಳೊಳಗೆ ಗಾಳಿ ಸೇರಿಕೊಂಡಿದೆ ಎಂದು ಅನುಮಾನಿಸಬೇಕು. ಆ ಗಾಳಿಯನ್ನು ಹೊರಹಾಕಿ, ಅದರ ಜಾಗದಲ್ಲಿ ಶುದ್ಧ ದ್ರವವನ್ನು ತುಂಬುವ ಕೆಲಸಕ್ಕೆ ಬ್ಲೀಡಿಂಗ್ ಎನ್ನುತ್ತಾರೆ. ಇದಕ್ಕೆ ಬೇಕಾಗುವ ಸಲಕರಣೆಗಳು ಕಡಿಮೆ, ಚಲನೆಗಳೂ ಸರಳ. ಆದರೆ ತಪ್ಪಿದರೆ ಕಾರು ನಿಲ್ಲುವುದಿಲ್ಲ. ಆದ್ದರಿಂದ ಪ್ರತಿಯೊಂದು ಹಂತವನ್ನು ಏಕೆ ಹಾಗೆಯೇ ಮಾಡಬೇಕು ಎಂಬುದನ್ನು ತಿಳಿದುಕೊಂಡೇ ಸ್ಪ್ಯಾನರ್ ಕೈಗೆತ್ತಿಕೊಳ್ಳಬೇಕು.

ಗಾಳಿಯಿಂದ ಏನಾಗುತ್ತದೆ

ಮುಚ್ಚಿದ ಕೊಳವೆಯಲ್ಲಿರುವ ದ್ರವದ ಒಂದು ತುದಿಗೆ ಕೊಟ್ಟ ಒತ್ತಡವು ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ ಎಂಬುದನ್ನು 17ನೇ ಶತಮಾನದಲ್ಲಿ ಬ್ಲೇಸ್ ಪಾಸ್ಕಲ್ ವಿವರಿಸಿದ್ದನು. ಕಾರಿನ ಬ್ರೇಕ್ ಕೆಲಸ ಮಾಡುವುದು ಇದೇ ನಿಯಮದ ಮೇಲೆ. ನಾವು ಪೆಡಲ್ ತುಳಿದಾಗ ಪೆಡಲಿಗೆ ಜೋಡಿಸಿರುವ ಮುಖ್ಯ ಸಿಲಿಂಡರಿನ, ಅಂದರೆ ಮಾಸ್ಟರ್ ಸಿಲಿಂಡರಿನ, ಪಿಸ್ಟನ್ ಕೆಲವೇ ಮಿಲಿಲೀಟರಿನಷ್ಟು ದ್ರವವನ್ನು ಮುಂದಕ್ಕೆ ತಳ್ಳುತ್ತದೆ. ದ್ರವವು ಕುಗ್ಗದ ಕಾರಣ ಆ ತಳ್ಳುವಿಕೆ ಹಾಗೆಯೇ ಚಕ್ರದ ಬಳಿಯ ಪಿಸ್ಟನ್ನಿಗೆ ತಲುಪಿ, ಪ್ಯಾಡುಗಳು ಡಿಸ್ಕನ್ನು ಹಿಡಿಯುತ್ತವೆ. ಗಾಳಿಯಾದರೋ ಕುಗ್ಗುತ್ತದೆ. ಪೈಪಿನಲ್ಲಿ ಒಂದೆರಡು ಮಿಲಿಲೀಟರ್ ಗಾಳಿ ಸಿಕ್ಕಿಕೊಂಡಿದ್ದರೂ ಸಾಕು, ಪೆಡಲಿನ ಚಲನೆಯ ದೊಡ್ಡ ಪಾಲು ಆ ಗಾಳಿಯನ್ನು ಹಿಂಡುವುದರಲ್ಲೇ ಕಳೆದುಹೋಗುತ್ತದೆ.

ಗಾಳಿ ತಾನಾಗಿ ಹುಟ್ಟುವುದಿಲ್ಲ. ಕ್ಯಾಲಿಪರ್ (ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ), ಹೋಸ್ ಅಥವಾ ಮಾಸ್ಟರ್ ಸಿಲಿಂಡರನ್ನು ಬಿಚ್ಚಿ ಜೋಡಿಸಿದಾಗ, ಮಾಸ್ಟರ್ ಸಿಲಿಂಡರಿಗೆ ದ್ರವ ಒದಗಿಸುವ ಡಬ್ಬಿ ಖಾಲಿಯಾದಾಗ, ಎಲ್ಲೋ ಸೋರಿಕೆ ಇದ್ದಾಗ ಅದು ಒಳಗೆ ಬರುತ್ತದೆ. ಹೀಗಾಗಿ, ಯಾವ ಭಾಗವನ್ನೂ ಬಿಚ್ಚದೆ ಇದ್ದ ಕಾರಿನಲ್ಲಿ ಪೆಡಲ್ ಒಮ್ಮೆಲೇ ಮೆತ್ತಗಾಗಿದ್ದರೆ ಬ್ಲೀಡಿಂಗಿಗೆ ಕೈಹಾಕುವ ಮೊದಲು ಸೋರಿಕೆಯನ್ನು ಹುಡುಕಬೇಕು. ಸೋರುವ ಜಾಗವನ್ನು ಹಾಗೆಯೇ ಬಿಟ್ಟು ಗಾಳಿ ತೆಗೆದರೆ ನಾಲ್ಕು ದಿನ ಪೆಡಲ್ ಗಟ್ಟಿಯಾಗಿದ್ದು, ಐದನೆಯ ದಿನ ಕೈಕೊಡುತ್ತದೆ.

ಗಾಳಿಯಷ್ಟೇ ಅಪಾಯಕಾರಿಯಾದದ್ದು ನೀರು. ಸಾಮಾನ್ಯವಾಗಿ ಬಳಸುವ ಗ್ಲೈಕಾಲ್ ಮೂಲದ ಬ್ರೇಕ್ ದ್ರವವು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ರಬ್ಬರ್ ಹೋಸುಗಳ ಮೂಲಕವೂ, ಡಬ್ಬಿಯ ಮುಚ್ಚಳದ ಉಸಿರುಕಿಂಡಿಯ ಮೂಲಕವೂ ತೇವವು ವರ್ಷಗಳುದ್ದಕ್ಕೂ ನಿಧಾನವಾಗಿ ಒಳಸೇರುತ್ತದೆ. ನೀರು ಸೇರಿದಷ್ಟೂ ದ್ರವದ ಕುದಿಬಿಂದು ಇಳಿಯುತ್ತದೆ. ಡಾಟ್ ಎಂಬುದು ಬ್ರೇಕ್ ದ್ರವದ ದರ್ಜೆಯ ಗುರುತು. ಡಾಟ್ 3 ದ್ರವವು ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಸುಮಾರು ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ ಅದಕ್ಕಿರುವ ಕನಿಷ್ಠ ಮಿತಿ 140 ಡಿಗ್ರಿ ಮಾತ್ರ. ಡಾಟ್ 4ಕ್ಕೆ ಇದೇ ಅಂಕಿಗಳು 230 ಮತ್ತು 155, ಡಾಟ್ 5.1ಕ್ಕೆ 260 ಮತ್ತು 180. ಉದ್ದನೆಯ ಘಟ್ಟದ ಇಳಿಜಾರಿನಲ್ಲಿ ಬ್ರೇಕುಗಳು ಕಾದಾಗ ಹಳೆಯ ದ್ರವ ಕುದಿದು ಆವಿಯಾಗಬಹುದು, ಆವಿಯೂ ಗಾಳಿಯಂತೆಯೇ ಕುಗ್ಗುತ್ತದೆ, ಪೆಡಲ್ ನೆಲಕ್ಕೆ ತಾಗುತ್ತದೆ. ತಣ್ಣಗಾದ ಮೇಲೆ ಅದೇ ಪೆಡಲ್ ಏನೂ ಆಗಿಲ್ಲವೆಂಬಂತೆ ಮತ್ತೆ ಸರಿಯಾಗುವುದರಿಂದ ಈ ದೋಷವನ್ನು ಜನ ಅಲ್ಲಿಗೇ ಮರೆತುಬಿಡುತ್ತಾರೆ. ಅನೇಕ ತಯಾರಕರು ಎರಡು ವರ್ಷಕ್ಕೊಮ್ಮೆ ದ್ರವ ಬದಲಿಸಬೇಕೆಂದು ಹೇಳುವುದಕ್ಕೆ ಕಾರಣ ಇದೇ. ಪೆಡಲ್ ಗಟ್ಟಿಯಾಗಿದೆ ಎಂಬ ಮಾತ್ರಕ್ಕೆ ದ್ರವ ಚೆನ್ನಾಗಿದೆ ಎಂದು ತಿಳಿಯಬಾರದು.

ಯಾವಾಗ ಮನೆಯಲ್ಲಿ ಮಾಡಬಾರದು

ಪೆಡಲ್ ತುಳಿದರೆ ಪೂರ್ತಿ ನೆಲಕ್ಕೆ ಹೋಗುವ, ಚಕ್ರದ ಒಳಬದಿಯಲ್ಲಿ ದ್ರವ ಸೋರಿದ ಗುರುತಿರುವ, ಲೋಹದ ಬ್ರೇಕ್ ಪೈಪುಗಳು ತುಕ್ಕು ಹಿಡಿದು ಪದರು ಪದರಾಗಿ ಏಳುತ್ತಿರುವ ಕಾರನ್ನು ಓಡಿಸಲೂ ಬಾರದು. ಎಳೆಸಿಕೊಂಡು ಹೋಗಿ ಗ್ಯಾರೇಜಿಗೆ ಒಪ್ಪಿಸಬೇಕು. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರಗಳು ತಿರುಗದೆ ಸಿಕ್ಕಿಕೊಳ್ಳುವುದನ್ನು ತಡೆಯುವ ವ್ಯವಸ್ಥೆ) ಎಚ್ಚರಿಕೆ ದೀಪ ಉರಿಯುತ್ತಿದ್ದರೆ ಮೊದಲು ಅದರ ಕಾರಣ ತಿಳಿಯಬೇಕು. ಹೈಬ್ರಿಡ್ ಮತ್ತು ವಿದ್ಯುತ್ ಕಾರುಗಳ ಪೈಕಿ ಹಲವುಗಳಲ್ಲಿ ಬ್ರೇಕಿನ ಒತ್ತಡವನ್ನು ವಿದ್ಯುತ್ ಪಂಪು ಉಂಟುಮಾಡುತ್ತದೆ. ಕೆಲವು ಕಾರುಗಳಲ್ಲಿ ಬಾಗಿಲು ತೆಗೆದರೆ ಸಾಕು, ಆ ಪಂಪು ತಾನಾಗಿ ಚಾಲೂ ಆಗುತ್ತದೆ. ಅಂಥವುಗಳಿಗೆ ಕಾರಿನ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರ್ ಯಂತ್ರವಿಲ್ಲದೆ ಕೈಹಾಕಬಾರದು. ಈ ಬರಹದಲ್ಲಿ ಹೇಳುವ ವಿಧಾನವು ನಿರ್ವಾತ ಬೂಸ್ಟರ್ (ನಿರ್ವಾತದ ನೆರವಿನಿಂದ ಪೆಡಲಿನ ಬಲ ಹೆಚ್ಚಿಸುವ ಭಾಗ) ಇರುವ ಸಾಮಾನ್ಯ ಹೈಡ್ರಾಲಿಕ್ ಬ್ರೇಕುಗಳಿಗೆ ಮಾತ್ರ ಅನ್ವಯಿಸುತ್ತದೆ.

ಎಬಿಎಸ್ ಇದೆ ಎಂದ ಮಾತ್ರಕ್ಕೆ ಹೆದರಬೇಕಿಲ್ಲ. ದ್ರವ ಬದಲಿಸುವುದಕ್ಕೆ ಅಥವಾ ಒಂದು ಕ್ಯಾಲಿಪರಿನ ಗಾಳಿ ತೆಗೆಯುವುದಕ್ಕೆ ಬಹುತೇಕ ಎಬಿಎಸ್ ಕಾರುಗಳಲ್ಲಿ ಮಾಮೂಲಿ ವಿಧಾನವೇ ಸಾಕು. ಆದರೆ ಡಬ್ಬಿ ಪೂರ್ತಿ ಖಾಲಿಯಾಗಿ ಗಾಳಿಯು ಎಬಿಎಸ್ ಘಟಕದೊಳಗೆ ಹೊಕ್ಕಿದ್ದರೆ, ಅಲ್ಲಿನ ಕವಾಟಗಳನ್ನು ಸ್ಕ್ಯಾನರಿನಿಂದ ತೆರೆದು ಮುಚ್ಚದ ಹೊರತು ಅದು ಹೊರಬರದೆ ಹೋಗಬಹುದು. ಡಬ್ಬಿ ಖಾಲಿಯಾಗದಂತೆ ನೋಡಿಕೊಳ್ಳಿ ಎಂದು ಮುಂದೆ ಮತ್ತೆ ಮತ್ತೆ ಹೇಳುವುದಕ್ಕೆ ಇದು ಮುಖ್ಯ ಕಾರಣ.

ದ್ರವದ ಆಯ್ಕೆ

ವರ್ಕ್‌ಶಾಪುಗಳಲ್ಲಿ ಇದನ್ನು ಬ್ರೇಕ್ ಆಯಿಲ್ ಎಂದೇ ಕರೆಯುತ್ತಾರೆ. ನಿಜದಲ್ಲಿ ಇದು ಎಣ್ಣೆಯಲ್ಲ, ಆ ಹೆಸರಿನಿಂದ ಆಗುವ ಅನಾಹುತ ಸಣ್ಣದೂ ಅಲ್ಲ. ಎಂಜಿನ್ ಆಯಿಲ್, ಪವರ್ ಸ್ಟಿಯರಿಂಗ್ ಆಯಿಲ್ ಮುಂತಾದ ಖನಿಜ ತೈಲವು ಸ್ವಲ್ಪವೇ ಬೆರೆತರೂ ಬ್ರೇಕಿನ ರಬ್ಬರ್ ಸೀಲುಗಳು ಊದಿಕೊಂಡು ಕೆಡುತ್ತವೆ. ಆಮೇಲೆ ಮಾಸ್ಟರ್ ಸಿಲಿಂಡರಿನಿಂದ ಹಿಡಿದು ಹೋಸುಗಳವರೆಗೆ ರಬ್ಬರ್ ಇರುವ ಎಲ್ಲ ಭಾಗಗಳನ್ನೂ ಬದಲಿಸಬೇಕಾಗುತ್ತದೆ. ಆದ್ದರಿಂದ ಆಯಿಲ್ ಹಾಕಲು ಬಳಸಿದ ಲಾಳಿಕೆಯನ್ನಾಗಲೀ ಬಟ್ಟೆಯನ್ನಾಗಲೀ ಡಬ್ಬಿಯ ಹತ್ತಿರ ತರಬಾರದು.

ಡಬ್ಬಿಯ ಮುಚ್ಚಳದ ಮೇಲೆ ಅಥವಾ ಕಾರಿನ ಕೈಪಿಡಿಯಲ್ಲಿ ಬರೆದಿರುವ ದರ್ಜೆಯ ದ್ರವವನ್ನೇ ಕೊಳ್ಳಬೇಕು. ಡಾಟ್ 3, ಡಾಟ್ 4 ಮತ್ತು ಡಾಟ್ 5.1 ಇವು ಮೂರೂ ಒಂದೇ ಬಗೆಯ ರಾಸಾಯನಿಕಗಳು. ಡಾಟ್ 5 ಮಾತ್ರ ಸಿಲಿಕೋನ್ ದ್ರವ; ಅದು ಉಳಿದವುಗಳೊಂದಿಗೆ ಬೆರೆಯುವುದಿಲ್ಲ. 5 ಮತ್ತು 5.1ರ ನಡುವೆ ಕಣ್ಣಿಗೆ ಕಾಣುವುದು ಒಂದು ಚುಕ್ಕಿ, ಒಂದು ಅಂಕಿಯ ವ್ಯತ್ಯಾಸವಷ್ಟೇ, ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಹಾಕುವಂತಿಲ್ಲ. ನಾಲ್ಕೂ ಚಕ್ರಗಳ ಹಳೆಯ ದ್ರವವನ್ನು ಪೂರ್ತಿ ಬದಲಿಸಲು ಸಾಮಾನ್ಯ ಕಾರಿಗೆ ಒಂದು ಲೀಟರ್ ಸಾಕಾಗುತ್ತದೆ. ಸೀಲು ಒಡೆಯದ ಬಾಟಲಿಯನ್ನೇ ಬಳಸಬೇಕು. ತಿಂಗಳುಗಟ್ಟಲೆ ತೆರೆದಿಟ್ಟ ಬಾಟಲಿಯಲ್ಲಿ ಈಗಾಗಲೇ ತೇವ ಸೇರಿರುತ್ತದೆ. ಬಾಟಲಿಯನ್ನು ಕುಲುಕಲೂ ಬಾರದು, ಕುಲುಕಿದರೆ ಎದ್ದ ಸಣ್ಣ ಗುಳ್ಳೆಗಳನ್ನು ನಾವೇ ಒಳಗೆ ತುಂಬಿದಂತಾಗುತ್ತದೆ.

ಸಲಕರಣೆಗಳು ಮತ್ತು ಜಾಗ

ಜಾಕ್, ಕಾರಿನ ತೂಕ ತಡೆಯುವ ಒಂದು ಜೊತೆ ಸ್ಟ್ಯಾಂಡ್, ಚಕ್ರಗಳಿಗೆ ಕೊಡಲು ಗಟ್ಟಿ ಅಡೆಗಳು, ಬ್ಲೀಡಿಂಗ್ ನಿಪ್ಪಲಿಗೆ (ಚಕ್ರದ ಬಳಿ ಗಾಳಿಯನ್ನು ಹೊರಬಿಡಲು ಇರುವ ಟೊಳ್ಳು ತಿರುಪಿಗೆ) ಸರಿಹೊಂದುವ ಆರುಮೂಲೆಯ ರಿಂಗ್ ಸ್ಪ್ಯಾನರ್, ನಿಪ್ಪಲಿನ ತುದಿಗೆ ಬಿಗಿಯಾಗಿ ಕೂರುವ ಪಾರದರ್ಶಕ ಪ್ಲಾಸ್ಟಿಕ್ ಕೊಳವೆ, ಒಂದು ಪಾರದರ್ಶಕ ಬಾಟಲಿ, ಹಳೆಯ ದ್ರವ ಹೀರಲು ದೊಡ್ಡ ಸಿರಿಂಜ್, ನೂಲು ಬಿಡದ ಬಟ್ಟೆ, ಒಂದು ಬಕೆಟ್ ನೀರು. ನಿಪ್ಪಲುಗಳ ಅಳತೆ ಕಾರಿನಿಂದ ಕಾರಿಗೆ 7 ಮಿಲಿಮೀಟರಿನಿಂದ 11 ಮಿಲಿಮೀಟರಿನವರೆಗೆ ಬೇರೆಯಾಗುತ್ತದೆ, ಒಂದೇ ಕಾರಿನ ಮುಂದೆ ಹಿಂದೆಯೂ ಬೇರೆ ಇರಬಹುದು. ಬಾಯಿ ತೆರೆದ ಸ್ಪ್ಯಾನರ್ ಅಥವಾ ಪ್ಲೈಯರಿನಿಂದ ನಿಪ್ಪಲನ್ನು ತಿರುಗಿಸಲು ಹೋದರೆ ಅದರ ಮೂಲೆಗಳು ಸವೆದು ದುಂಡಗಾಗುತ್ತವೆ. ಆಮೇಲೆ ಅದನ್ನು ಬಿಚ್ಚುವುದೇ ದೊಡ್ಡ ಕೆಲಸವಾಗುತ್ತದೆ.

ಬ್ರೇಕ್ ದ್ರವವು ಕಣ್ಣಿಗೆ ಮತ್ತು ಚರ್ಮಕ್ಕೆ ಉರಿ ತರುತ್ತದೆ, ಹೊಟ್ಟೆಗೆ ಹೋದರೆ ವಿಷ. ಕನ್ನಡಕವನ್ನೂ ನೈಟ್ರೈಲ್ ಕೈಗವಸನ್ನೂ ಧರಿಸಬೇಕು. ಹೊರಬಂದ ದ್ರವವನ್ನು ಕುಡಿಯುವ ನೀರಿನ ಅಥವಾ ತಂಪು ಪಾನೀಯದ ಬಾಟಲಿಯಲ್ಲಿ ಎಂದಿಗೂ ಹಿಡಿದಿಡಬಾರದು, ಮಕ್ಕಳಿರುವ ಮನೆಯಲ್ಲಂತೂ ಖಂಡಿತ ಬೇಡ. ಬಣ್ಣದ ಮೇಲೆ ಬಿದ್ದ ಹನಿ ಬಣ್ಣವನ್ನು ತಿಂದುಹಾಕುತ್ತದೆ. ಬಿದ್ದ ಕೂಡಲೇ ಉಜ್ಜದೆ, ಧಾರಾಳವಾಗಿ ನೀರು ಸುರಿದು ತೊಳೆಯಬೇಕು. ಬಿಸಿಯಾದ ಸೈಲೆನ್ಸರಿನ ಮೇಲೆ ಬಿದ್ದರೆ ಹೊತ್ತಿಕೊಳ್ಳಲೂಬಹುದಾದ್ದರಿಂದ ಎಂಜಿನ್ ಮತ್ತು ಬ್ರೇಕುಗಳು ತಣ್ಣಗಾದ ಮೇಲೆಯೇ ಕೆಲಸ ಆರಂಭಿಸಬೇಕು. ಚಕ್ರದ ಬಳಿಯ ಬ್ರೇಕ್ ಧೂಳನ್ನು ಗಾಳಿ ಊದಿ ಹಾರಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಹಳೆಯ ಪ್ಯಾಡುಗಳ ಧೂಳಿನಲ್ಲಿ ಕಲ್ನಾರು ಇರುವ ಸಾಧ್ಯತೆಯಿದೆ.

ಕಾರನ್ನು ಎತ್ತಿ ನಿಲ್ಲಿಸುವುದು

ನೆಲ ಸಮತಟ್ಟಾಗಿಯೂ ಗಟ್ಟಿಯಾಗಿಯೂ ಇರಬೇಕು. ಎಂಜಿನ್ ಬಂದ್ ಮಾಡಿ ಕೀಲಿಯನ್ನು ಹೊರತೆಗೆಯಬೇಕು. ಕಾರು ಇನ್ನೂ ನೆಲದ ಮೇಲಿರುವಾಗಲೇ ಚಕ್ರದ ನಟ್ಟುಗಳನ್ನು ಸ್ವಲ್ಪ ಸಡಿಲಿಸಿಕೊಳ್ಳಬೇಕು. ಹಿಂಭಾಗವನ್ನು ಎತ್ತುವಾಗ ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಅಡೆ ಕೊಡಬೇಕು. ಮುಂಭಾಗವನ್ನು ಎತ್ತುವಾಗ ಹಿಂದಿನ ಚಕ್ರಗಳಿಗೆ ಅಡೆ ಕೊಟ್ಟು ಹ್ಯಾಂಡ್‌ಬ್ರೇಕ್ ಎಳೆಯಬೇಕು. ಗೇರಿನಲ್ಲಿ ಬಿಟ್ಟಿದ್ದೇನೆ ಎಂಬ ಧೈರ್ಯ ಎಲ್ಲ ಸಮಯದಲ್ಲೂ ಸಲ್ಲದು. ಎಂಜಿನ್ನಿನ ಶಕ್ತಿ ಹೋಗುವ ಚಕ್ರಗಳೇ ನೆಲ ಬಿಟ್ಟಿದ್ದರೆ ಗೇರು ಕಾರನ್ನು ಹಿಡಿಯುವುದಿಲ್ಲ.

ಜಾಕ್ ಇರುವುದು ಎತ್ತುವುದಕ್ಕೆ, ಹೊರುವುದಕ್ಕಲ್ಲ. ಎತ್ತಿದ ಕೂಡಲೇ ಕೈಪಿಡಿಯಲ್ಲಿ ತೋರಿಸಿದ ಜಾಗಗಳಲ್ಲಿ ಸ್ಟ್ಯಾಂಡುಗಳನ್ನು ಇಟ್ಟು, ಕಾರನ್ನು ಅವುಗಳ ಮೇಲೆ ಇಳಿಸಬೇಕು. ಪಕ್ಕದಿಂದ ಕೈಯಲ್ಲಿ ತಳ್ಳಿ ನೋಡಿದಾಗ ಅಲುಗಾಡಬಾರದು. ಬಿಚ್ಚಿದ ಚಕ್ರವನ್ನು ಕಾರಿನ ಬದಿಯ ಕೆಳಗೆ ಮಲಗಿಸಿಟ್ಟರೆ ಸ್ಟ್ಯಾಂಡ್ ಜಾರಿದರೂ ಇನ್ನೊಂದು ಆಸರೆಯಿರುತ್ತದೆ. ನಿಪ್ಪಲುಗಳು ಚಕ್ರದ ಕಮಾನಿನಿಂದಲೇ ಕೈಗೆ ಸಿಗುವುದರಿಂದ ಈ ಕೆಲಸಕ್ಕೆ ಕಾರಿನ ಕೆಳಗೆ ಮೈ ತೂರಿಸುವ ಅಗತ್ಯವೇ ಇಲ್ಲ. ಪೆಡಲ್ ತುಳಿಯಲು ಕೂರುವವರು ನಿಧಾನವಾಗಿ ಹತ್ತಬೇಕು, ಕೆಲಸ ಮುಗಿಯುವ ತನಕ ಮೇಲಿಂದ ಮೇಲೆ ಇಳಿದು ಹತ್ತಬಾರದು.

ಇಲ್ಲೊಂದು ಸೂಕ್ಷ್ಮವಿದೆ. ಕೆಲವು ಕಾರುಗಳಲ್ಲಿ ಹಿಂದಿನ ಹೊರೆಗೆ ತಕ್ಕಂತೆ ಹಿಂದಿನ ಬ್ರೇಕಿನ ಒತ್ತಡವನ್ನು ಹೆಚ್ಚು ಕಡಿಮೆ ಮಾಡುವ ಕವಾಟವೊಂದನ್ನು ಒಂದು ಸರಳಿನ ಮೂಲಕ ಹಿಂದಿನ ಆಕ್ಸಲಿಗೆ ಜೋಡಿಸಿರುತ್ತಾರೆ. ಬಾಡಿಯನ್ನು ಎತ್ತಿ ಆಕ್ಸಲನ್ನು ಜೋತು ಬಿಟ್ಟರೆ ಹಿಂಭಾಗ ಖಾಲಿಯಿದೆ ಎಂದುಕೊಂಡು ಆ ಕವಾಟವು ದ್ರವದ ಹರಿವನ್ನು ತಡೆಯುತ್ತದೆ. ಎಷ್ಟು ತುಳಿದರೂ ಹಿಂದಿನ ನಿಪ್ಪಲಿನಿಂದ ದ್ರವ ಬರುತ್ತಿಲ್ಲವೆಂದು ಒದ್ದಾಡುವವರು ಮೊದಲು ಇದನ್ನು ನೋಡಬೇಕು. ಅಂಥ ಕಾರಿನಲ್ಲಿ ಸ್ಟ್ಯಾಂಡುಗಳನ್ನು ಆಕ್ಸಲಿನ ಕೆಳಗೇ ಇಟ್ಟು, ಸಸ್ಪೆನ್ಷನ್ ಮೇಲೆ ಕಾರಿನ ತೂಕ ಇರುವಂತೆ ನಿಲ್ಲಿಸಬೇಕು.

ಮೊದಲ ಕೆಲಸ ಡಬ್ಬಿಯದು

ಬಾನೆಟ್ ತೆರೆದು, ಡಬ್ಬಿಯ ಮುಚ್ಚಳ ಮತ್ತು ಅದರ ಸುತ್ತಲಿನ ಜಾಗವನ್ನು ಮುಚ್ಚಳ ತೆಗೆಯುವ ಮೊದಲೇ ಚೆನ್ನಾಗಿ ಒರೆಸಬೇಕು. ಸುತ್ತಲಿನ ಬಣ್ಣದ ಮೇಲೆ ದಪ್ಪ ಬಟ್ಟೆ ಹೊದಿಸಬೇಕು. ಹಳೆಯ ದ್ರವವನ್ನು ಸಿರಿಂಜಿನಿಂದ ಹೀರಿ ತೆಗೆಯಬೇಕು. ಪೂರ್ತಿ ಅಲ್ಲ, ತಳದ ರಂಧ್ರಗಳು ತೆರೆದುಕೊಳ್ಳದಷ್ಟು ಉಳಿಸಿ, ಮ್ಯಾಕ್ಸ್ ಗೆರೆಯವರೆಗೆ ಹೊಸ ದ್ರವ ತುಂಬಬೇಕು. ಹೀಗೆ ಮಾಡದಿದ್ದರೆ ಡಬ್ಬಿಯಲ್ಲಿರುವ ಕಪ್ಪು ದ್ರವವನ್ನೇ ಮತ್ತೆ ಉದ್ದಕ್ಕೂ ಪೈಪುಗಳಲ್ಲಿ ತಳ್ಳಬೇಕಾಗುತ್ತದೆ. ಮುಚ್ಚಳವನ್ನು ಬಿಗಿ ಮಾಡದೆ ಮೇಲೆ ಸುಮ್ಮನೆ ಇಟ್ಟುಬಿಟ್ಟರೆ ಧೂಳೂ ಬೀಳುವುದಿಲ್ಲ, ಪೆಡಲ್ ಬಿಟ್ಟಾಗ ದ್ರವ ಮೇಲಕ್ಕೆ ಚಿಮ್ಮುವುದೂ ಇಲ್ಲ. ಅನೇಕ ಕಾರುಗಳಲ್ಲಿ ಕ್ಲಚ್ಚಿಗೂ ಇದೇ ಡಬ್ಬಿಯಿಂದ ದ್ರವ ಹೋಗುತ್ತದೆ ಎಂಬುದು ನೆನಪಿರಲಿ.

ಆಮೇಲೆ, ಎಂಜಿನ್ ಬಂದ್ ಇರುವಾಗಲೇ ಪೆಡಲನ್ನು ಐದಾರು ಬಾರಿ ತುಳಿದು ಬೂಸ್ಟರಿನಲ್ಲಿ ಉಳಿದಿರುವ ನಿರ್ವಾತವನ್ನು ಕಳೆಯಬೇಕು.

ಯಾವ ಚಕ್ರದಿಂದ ಆರಂಭಿಸಬೇಕು

ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಹತ್ತಿರದ ಚಕ್ರಕ್ಕೆ ಬರುವುದು ಹಳೆಯ ರೂಢಿ. ಬಲಗಡೆ ಸ್ಟಿಯರಿಂಗ್ ಇರುವ ಕಾರಿನಲ್ಲಿ ಅದು ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ ಎಂದಾಗುತ್ತದೆ. ಆದರೆ ಇಂದಿನ ಕಾರುಗಳಲ್ಲಿ ಒಂದು ಕೆಟ್ಟರೂ ಇನ್ನೊಂದು ಉಳಿಯಲೆಂದು ಎರಡು ಪ್ರತ್ಯೇಕ ಬ್ರೇಕ್ ಸರ್ಕಿಟ್ಟುಗಳಿರುತ್ತವೆ, ಅನೇಕ ಕಾರುಗಳಲ್ಲಿ ಅವು ಮೂಲೆಯಿಂದ ಮೂಲೆಗೆ ಹೋಗುತ್ತವೆ. ಅಂದರೆ ಹಿಂದಿನ ಎಡ ಚಕ್ರವೂ ಮುಂದಿನ ಬಲ ಚಕ್ರವೂ ಒಂದೇ ಸರ್ಕಿಟ್ಟಿನಲ್ಲಿರುತ್ತವೆ. ಆಗ ತಯಾರಕರು ಬೇರೆ ಕ್ರಮವನ್ನು ಸೂಚಿಸಿರಬಹುದು. ಕೈಪಿಡಿಯಲ್ಲಿ ಕ್ರಮ ಕೊಟ್ಟಿದ್ದರೆ ಅದನ್ನೇ ಅನುಸರಿಸಬೇಕು, ರೂಢಿಯನ್ನಲ್ಲ. ಮಾಸ್ಟರ್ ಸಿಲಿಂಡರನ್ನೇ ಹೊಸದಾಗಿ ಹಾಕುವುದಾದರೆ, ಅದನ್ನು ಕಾರಿಗೆ ಕೂರಿಸುವ ಮೊದಲೇ ವೈಸಿನಲ್ಲಿ ಹಿಡಿದು ಅದರ ಗಾಳಿಯನ್ನು ತೆಗೆದುಕೊಂಡಿರಬೇಕು.

ಇಬ್ಬರು ಸೇರಿ ಮಾಡುವ ವಿಧಾನ

ಯಂತ್ರಗಳು ಎಷ್ಟೇ ಬಂದಿದ್ದರೂ, ಒಬ್ಬರು ಪೆಡಲಿನ ಬಳಿ, ಒಬ್ಬರು ಚಕ್ರದ ಬಳಿ ಇರುವ ಈ ಪದ್ಧತಿಯೇ ಮನೆಯ ಕೆಲಸಕ್ಕೆ ಹೆಚ್ಚು ನಂಬಿಕೆಯದು ಎಂಬುದು ನನ್ನ ಅನುಭವ. ಪೆಡಲ್ ಕ್ರಮೇಣ ಗಟ್ಟಿಯಾಗುವುದನ್ನು ಕಾಲೇ ಹೇಳುತ್ತದೆ.

ನಿಪ್ಪಲಿನ ರಬ್ಬರ್ ಟೋಪಿಯನ್ನು ತೆಗೆದು ತುದಿಯನ್ನು ಒರೆಸಬೇಕು. ಮೊದಲು ರಿಂಗ್ ಸ್ಪ್ಯಾನರನ್ನು ನಿಪ್ಪಲಿನ ಮೇಲೆ ಕೂರಿಸಿ, ನಂತರ ಕೊಳವೆಯನ್ನು ಸಿಕ್ಕಿಸಬೇಕು. ಹಿಂದುಮುಂದಾದರೆ ಸ್ಪ್ಯಾನರ್ ಹಾಕಲು ಕೊಳವೆಯನ್ನು ಮತ್ತೆ ಕೀಳಬೇಕಾಗುತ್ತದೆ. ಬಾಟಲಿಯಲ್ಲಿ ಎರಡು ಬೆರಳಷ್ಟು ಹೊಸ ದ್ರವ ಹಾಕಿ ಕೊಳವೆಯ ಇನ್ನೊಂದು ತುದಿಯನ್ನು ಅದರಲ್ಲಿ ಮುಳುಗಿಸಿಡಬೇಕು. ಕೊಳವೆಯು ನಿಪ್ಪಲಿನಿಂದ ಮೊದಲು ಸ್ವಲ್ಪ ಮೇಲಕ್ಕೆ ಏರಿ ಬಾಗುವಂತಿದ್ದರೆ ಗುಳ್ಳೆಗಳು ನಿಪ್ಪಲಿನಿಂದ ದೂರಕ್ಕೆ ಸಾಗುತ್ತವೆ.

ತುಕ್ಕು ಹಿಡಿದ ನಿಪ್ಪಲನ್ನು ಬಲವಾಗಿ ಎಳೆಯಬಾರದು. ಅದರ ನಡುವೆ ರಂಧ್ರವಿರುವುದರಿಂದ ಸುಲಭವಾಗಿ ಮುರಿಯುತ್ತದೆ, ಮುರಿದರೆ ಇಡೀ ಕ್ಯಾಲಿಪರನ್ನೇ ಬದಲಿಸುವ ಪ್ರಸಂಗ ಬರಬಹುದು. ಹಿಂದಿನ ದಿನವೇ ತುಕ್ಕು ಬಿಡಿಸುವ ಸ್ಪ್ರೇ ಹಾಕಿಟ್ಟು, ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಮೊದಲು ಕೂದಲೆಳೆಯಷ್ಟು ಬಿಗಿಯುವ ಕಡೆಗೆ ತಿರುಗಿಸಿ ಆಮೇಲೆ ಸಡಿಲಿಸಿದರೆ ಹೆಚ್ಚಿನವು ಬಿಟ್ಟುಕೊಡುತ್ತವೆ. ಸ್ಪ್ರೇಯಲ್ಲಿ ಎಣ್ಣೆಯಿರುವುದರಿಂದ ಪ್ಯಾಡು ಮತ್ತು ಡಿಸ್ಕಿಗೆ ತಾಗದಂತೆ ಎಚ್ಚರ ವಹಿಸಬೇಕು. ನಾಲ್ಕೂ ನಿಪ್ಪಲುಗಳು ಸಡಿಲವಾಗುತ್ತವೆಯೇ ಎಂದು ಮೊದಲೇ ಪರೀಕ್ಷಿಸಿ ಮತ್ತೆ ಬಿಗಿ ಮಾಡಿಕೊಳ್ಳುವುದು ಜಾಣತನ.

ಇನ್ನು ಮುಖ್ಯ ಆವರ್ತನ. ಒಳಗೆ ಕುಳಿತವರು ಪೆಡಲನ್ನು ನಿಧಾನವಾಗಿ ಮೂರು ನಾಲ್ಕು ಬಾರಿ ತುಳಿದು, ಕೊನೆಯ ಬಾರಿ ಕೆಳಗೆ ಒತ್ತಿ ಹಿಡಿಯುತ್ತಾರೆ. ಹಿಡಿದಿದ್ದೇನೆ ಎಂದು ತಿಳಿಸಿದ ಮೇಲೆ, ಚಕ್ರದ ಬಳಿ ಇರುವವರು ನಿಪ್ಪಲನ್ನು ಕಾಲು ಸುತ್ತಿನಿಂದ ಅರ್ಧ ಸುತ್ತಿನಷ್ಟು ತೆರೆಯುತ್ತಾರೆ. ದ್ರವ ಗುಳ್ಳೆಗಳೊಂದಿಗೆ ಕೊಳವೆಗೆ ಚಿಮ್ಮುತ್ತದೆ, ಪೆಡಲ್ ತಾನಾಗಿ ಕೆಳಗಿಳಿಯುತ್ತದೆ. ಇಳಿದರೂ ಕಾಲು ತೆಗೆಯಬಾರದು. ಹರಿವು ನಿಲ್ಲುವ ಮುನ್ನವೇ ನಿಪ್ಪಲನ್ನು ಮುಚ್ಚಬೇಕು. ಮುಚ್ಚಿದ್ದೇನೆ ಎಂದು ಹೇಳಿದ ನಂತರವೇ ಪೆಡಲನ್ನು ಮೆಲ್ಲಗೆ ಮೇಲಕ್ಕೆ ಬಿಡಬೇಕು. ಡಬ್ಬಿಯಿಂದ ಹೊಸ ದ್ರವ ಇಳಿಯಲು ಒಂದೆರಡು ಸೆಕೆಂಡು ಕೊಟ್ಟು ಮತ್ತೆ ಮೊದಲಿನಿಂದ ಆರಂಭಿಸಬೇಕು.

ನಿಪ್ಪಲ್ ತೆರೆದಿರುವಾಗ ಪೆಡಲ್ ಮೇಲೆ ಬಂದರೆ, ಮಾಸ್ಟರ್ ಸಿಲಿಂಡರ್ ಪಿಚಕಾರಿಯಂತೆ ಹಿಂದಕ್ಕೆ ಹೀರಿಕೊಳ್ಳುತ್ತದೆ. ನಿಪ್ಪಲಿನ ಮರೆಗಳ (ತಿರುಪಿನ ಸುತ್ತುಗೆರೆಗಳ) ಸಂದಿನಿಂದ ಗಾಳಿ ಒಳಗೆ ಹೋಗಿ ಅದುವರೆಗಿನ ಶ್ರಮ ವ್ಯರ್ಥವಾಗುತ್ತದೆ. ಮೆತ್ತನೆಯ ಪೆಡಲಿನ ಹಿಂದೆ ಬಹಳಷ್ಟು ಸಲ ಇರುವುದು ಈ ಒಂದು ಕ್ಷಣದ ಗೊಂದಲವೇ. ಆ ಗೊಂದಲಕ್ಕೆ ನಮ್ಮ ಮಾತುಗಳೂ ಕಾರಣವಾಗುತ್ತವೆ. ನಾವು ಸಹಜವಾಗಿ ಬಳಸುವ 'ಹಿಡಿ' ಮತ್ತು 'ಬಿಡಿ' ಎಂಬ ಪದಗಳು ಚಕ್ರದ ಕಮಾನಿನೊಳಗಿಂದ ಕೂಗಿದಾಗ ಒಂದೇ ರೀತಿ ಕೇಳಿಸುತ್ತವೆ. 'ಆಯ್ತಾ' ಎಂಬ ಪ್ರಶ್ನೆ 'ಆಯ್ತು' ಎಂಬ ಉತ್ತರದಂತೆ ಕೇಳಿಸುತ್ತದೆ. ಹಾಗೆ ಕೇಳಿಸಿ, ಅರ್ಧ ದಿನದ ಕೆಲಸವನ್ನು ಹೊಸದಾಗಿ ಮಾಡಬೇಕಾಗಿ ಬಂದ ಮೇಲೆ ನಾನು 'ಕೆಳಗೆ' ಮತ್ತು 'ಮೇಲೆ' ಎಂಬ ಎರಡೇ ಪದಗಳನ್ನು ಬಳಸುತ್ತಿದ್ದೇನೆ. ಹೇಳಿದ ಪದವನ್ನು ಒಳಗಿರುವವರು ತಿರುಗಿ ಹೇಳಿದ ಮೇಲೆಯೇ ಮುಂದಿನ ಕ್ರಿಯೆ. ಕೆಲಸ ಆರಂಭಿಸುವ ಮೊದಲು ನಿಪ್ಪಲನ್ನು ಮುಟ್ಟದೆ ಇದನ್ನು ಎರಡು ಸಲ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು.

ಹಳೆಯ ಕಾರಾದರೆ ಪೆಡಲಿನ ಕೆಳಗೆ ಒಂದು ಮರದ ತುಂಡನ್ನು ಇಟ್ಟು, ಪೆಡಲ್ ಪೂರ್ತಿ ನೆಲಕ್ಕೆ ಹೋಗದಂತೆ ತಡೆಯಬೇಕು. ದಿನನಿತ್ಯದ ಓಡಾಟದಲ್ಲಿ ಮಾಸ್ಟರ್ ಸಿಲಿಂಡರಿನ ಸೀಲುಗಳು ಸಿಲಿಂಡರಿನ ಮೊದಲ ಭಾಗದಲ್ಲಷ್ಟೇ ಓಡಾಡುತ್ತವೆ. ಅದರಾಚೆಗಿನ ಭಾಗದಲ್ಲಿ ತುಕ್ಕು ಮತ್ತು ಕೆಸರು ಕಟ್ಟಿಕೊಂಡಿರಬಹುದು. ಪೆಡಲ್ ನೆಲ ಮುಟ್ಟುವಂತೆ ತುಳಿದರೆ ಸೀಲುಗಳು ಆ ಒರಟು ಜಾಗವನ್ನು ಹಾಯ್ದು ಹರಿಯುತ್ತವೆ.

ಪ್ರತಿ ಐದಾರು ಆವರ್ತನಕ್ಕೊಮ್ಮೆ ಎದ್ದು ಹೋಗಿ ಡಬ್ಬಿಯನ್ನು ನೋಡಲೇಬೇಕು. ಮಟ್ಟವು ಮಿನ್ ಗೆರೆಗೆ ಬರುವ ಮೊದಲೇ ತುಂಬಬೇಕು. ಬಾಟಲಿಗೆ ಬಂದ ಹಳೆಯ ದ್ರವವನ್ನು ಎಷ್ಟೇ ಸ್ವಚ್ಛವಾಗಿ ಕಂಡರೂ ಡಬ್ಬಿಗೆ ಮತ್ತೆ ಸುರಿಯಬಾರದು. ಕೊಳವೆಯಲ್ಲಿ ಹೊಸ ದ್ರವದ ತಿಳಿ ಬಣ್ಣ ಕಾಣಿಸಿ, ಮೇಲಿಂದ ಮೇಲೆ ಐದಾರು ಆವರ್ತನಗಳಲ್ಲಿ ಒಂದು ಗುಳ್ಳೆಯೂ ಬಾರದಿದ್ದಾಗ ಆ ಚಕ್ರದ ಕೆಲಸ ಮುಗಿಯಿತು. ದ್ರವವನ್ನು ಪೂರ್ತಿ ಬದಲಿಸುವಾಗ ದೂರದ ಚಕ್ರಕ್ಕೆ ಸುಮಾರು 250 ಮಿಲಿಲೀಟರ್, ಹತ್ತಿರದ ಚಕ್ರಕ್ಕೆ ಅದರ ಅರ್ಧದಷ್ಟು ಬೇಕಾಗಬಹುದು.

ಪೆಡಲನ್ನು ಒತ್ತಿ ಹಿಡಿದಿರುವಾಗಲೇ ನಿಪ್ಪಲನ್ನು ಕೊನೆಯದಾಗಿ ಬಿಗಿ ಮಾಡಿ, ಕೊಳವೆ ತೆಗೆದು, ಟೋಪಿ ಹಾಕಬೇಕು. ನಿಪ್ಪಲಿನ ಬಿಗಿತ ಸಾಮಾನ್ಯವಾಗಿ 10 ನ್ಯೂಟನ್ ಮೀಟರಿನ ಆಸುಪಾಸಿನಲ್ಲಿರುತ್ತದೆ. ಕೈಪಿಡಿಯ ಅಂಕಿಯನ್ನು ನೋಡಿ ಟಾರ್ಕ್ ಸ್ಪ್ಯಾನರ್ ಬಳಸುವುದು ಉತ್ತಮ. ಅದು ಮುಚ್ಚಿಕೊಳ್ಳುವುದು ತುದಿಯ ಶಂಕುವಿನಾಕಾರದ ಮುಖದಿಂದಲೇ ಹೊರತು ನಮ್ಮ ತೋಳಿನ ಬಲದಿಂದಲ್ಲ. ನಂತರ ನೀರಿನಿಂದ ತೊಳೆದು ಒರೆಸಿ, ಮುಂದಿನ ಚಕ್ರಕ್ಕೆ ಹೋಗಬೇಕು.

ಒಬ್ಬರೇ ಇದ್ದರೆ

ಡಬ್ಬಿಯ ಬಾಯಿಗೆ ಕೂರಿಸಿ ಒತ್ತಡ ಕೊಡುವ ಪ್ರೆಶರ್ ಬ್ಲೀಡರ್ ಒಬ್ಬರೇ ಮಾಡುವವರಿಗೆ ಒಳ್ಳೆಯ ಸಾಧನ. ಸಾಮಾನ್ಯವಾಗಿ 1 ಬಾರ್ ಒತ್ತಡ ಸಾಕು. ಹೆಚ್ಚು ಕೊಟ್ಟರೆ ಮುಚ್ಚಳದ ಸಂದಿನಿಂದ ದ್ರವ ಚಿಮ್ಮಿ ಎಂಜಿನ್ನಿನ ಮೇಲೆಲ್ಲ ಬೀಳಬಹುದು. ನಿಪ್ಪಲಿನಿಂದ ಎಳೆಯುವ ನಿರ್ವಾತ ಪಂಪು ಅಗ್ಗ, ಆದರೆ ಅದರಲ್ಲಿ ನಿಪ್ಪಲಿನ ಮರೆಗಳ ಸುತ್ತಲಿಂದ ಹೊರಗಿನ ಗಾಳಿಯೂ ಬರುವುದರಿಂದ ಗುಳ್ಳೆಗಳು ನಿಲ್ಲುವುದೇ ಇಲ್ಲ, ಒಳಗಿನ ಗಾಳಿ ಯಾವುದು ಹೊರಗಿನದು ಯಾವುದು ಎಂದು ಗೊತ್ತಾಗುವುದಿಲ್ಲ. ನಿಪ್ಪಲನ್ನು ತೆರೆದಿಟ್ಟು ದ್ರವ ತಾನಾಗಿ ತೊಟ್ಟಿಕ್ಕಲು ಬಿಡುವ ಗುರುತ್ವದ ವಿಧಾನವು ಬಹಳ ನಿಧಾನ. ಪೂರ್ತಿ ಖಾಲಿಯಾದ ಕ್ಯಾಲಿಪರಿಗೆ ಮೊದಲ ಸಲ ದ್ರವ ತುಂಬಿಕೊಳ್ಳಲು ಅದು ಉಪಯುಕ್ತ. ಯಾವ ವಿಧಾನವಾದರೂ ಡಬ್ಬಿಯ ಮೇಲಿನ ಕಣ್ಣು ತೆಗೆಯುವಂತಿಲ್ಲ.

ಆದರೂ ಪೆಡಲ್ ಮೆತ್ತಗಿದ್ದರೆ

ಗುಳ್ಳೆಯಿಲ್ಲದ ದ್ರವ ಬರುತ್ತಿದ್ದರೂ ಪೆಡಲ್ ಸರಿಯಾಗದಿದ್ದರೆ ಮತ್ತೊಂದು ಲೀಟರ್ ದ್ರವ ಸುರಿಯುವ ಬದಲು ನಿಂತು ಯೋಚಿಸಬೇಕು. ಕ್ಯಾಲಿಪರುಗಳನ್ನು ಬಿಚ್ಚಿ ಹಾಕಿದ್ದೀರಾದರೆ ಎಡದ್ದು ಬಲಕ್ಕೆ ಹೋಗಿರಬಹುದು. ನಿಪ್ಪಲ್ ಯಾವಾಗಲೂ ಕ್ಯಾಲಿಪರಿನ ಮೇಲ್ಭಾಗದಲ್ಲಿರಬೇಕು, ಕೆಳಗಿದ್ದರೆ ಮೇಲೆ ಕೂತ ಗಾಳಿ ಎಷ್ಟು ತುಳಿದರೂ ಹೊರಬರುವುದಿಲ್ಲ. ಹಿಂದೆ ಡ್ರಮ್ ಬ್ರೇಕ್ ಇದ್ದು, ಒಂದೆರಡು ಬಾರಿ ತುಳಿದಾಗ ಪೆಡಲ್ ಮೇಲೆದ್ದು ಪುಟಿಯದೆ ಕಲ್ಲಿನಂತೆ ಗಟ್ಟಿಯಾಗುತ್ತಿದ್ದರೆ ಅದು ಗಾಳಿಯಲ್ಲ. ಬ್ರೇಕ್ ಶೂಗಳಿಗೂ ಡ್ರಮ್ಮಿಗೂ ನಡುವಿನ ಅಂತರ ಹೆಚ್ಚಾಗಿದೆ, ಅದನ್ನು ಹೊಂದಿಸಬೇಕು. ಒತ್ತಿ ಹಿಡಿದ ಪೆಡಲ್ ನಿಧಾನವಾಗಿ ಕೆಳಗಿಳಿಯುತ್ತಾ ಹೋದರೆ ಎಲ್ಲೋ ಸೋರಿಕೆಯಿದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ಒಳಗಿನ ಸೀಲು ದ್ರವವನ್ನು ಹಿಂದಕ್ಕೆ ಬಿಡುತ್ತಿದೆ. ಇವುಗಳಲ್ಲಿ ಯಾವುದೂ ಅಲ್ಲದಿದ್ದರೆ ಒತ್ತಡಕ್ಕೆ ಉಬ್ಬುವ ಹಳೆಯ ರಬ್ಬರ್ ಹೋಸು, ಅಥವಾ ಎಬಿಎಸ್ ಘಟಕದಲ್ಲಿ ಉಳಿದ ಗಾಳಿ ಕಾರಣವಿರಬಹುದು. ಆ ಹಂತದಲ್ಲಿ ಕಾರನ್ನು ಓಡಿಸದೆ ಮೆಕ್ಯಾನಿಕ್ಕನ್ನು ಕರೆಸುವುದೇ ಸರಿ.

ರಸ್ತೆಗಿಳಿಯುವ ಮುನ್ನ

ಡಬ್ಬಿಯನ್ನು ಮ್ಯಾಕ್ಸ್ ಗೆರೆಗೆ ಸರಿಯಾಗಿ ತುಂಬಿ ಮುಚ್ಚಳ ಬಿಗಿ ಮಾಡಬೇಕು. ಗೆರೆ ಮೀರಬಾರದು, ಬಿಸಿಯಾದಾಗ ದ್ರವ ಹಿಗ್ಗಲು ಜಾಗ ಬೇಕು. ಚಕ್ರಗಳನ್ನು ಜೋಡಿಸಿ, ಕಾರನ್ನು ಇಳಿಸಿ, ನಟ್ಟುಗಳನ್ನು ಕೈಪಿಡಿಯ ಬಿಗಿತಕ್ಕೆ ಬಿಗಿಯಬೇಕು. ಎಂಜಿನ್ ಬಂದ್ ಇರುವಾಗ ಪೆಡಲನ್ನು ಜೋರಾಗಿ ಒಂದು ನಿಮಿಷ ಒತ್ತಿ ಹಿಡಿಯಬೇಕು, ಅದು ಒಂದಿಷ್ಟೂ ಜಾರಬಾರದು. ಹಾಗೆಯೇ ಒತ್ತಿ ಹಿಡಿದು ಎಂಜಿನ್ ಚಾಲೂ ಮಾಡಿದಾಗ ಪೆಡಲ್ ಸ್ವಲ್ಪ ಕೆಳಗಿಳಿದು ನಿಲ್ಲುತ್ತದೆ. ಬೂಸ್ಟರಿಗೆ ನಿರ್ವಾತ ಸಿಕ್ಕಿದ್ದರ ಗುರುತದು, ದೋಷವಲ್ಲ. ಇನ್ನೊಬ್ಬರು ಪೆಡಲ್ ಒತ್ತಿ ಹಿಡಿದಿರುವಾಗ ಟಾರ್ಚ್ ಹಿಡಿದು ನಾಲ್ಕೂ ನಿಪ್ಪಲುಗಳನ್ನು ನೋಡಬೇಕು. ಎಚ್ಚರಿಕೆ ದೀಪಗಳು ಆರಿವೆಯೇ ಎಂದೂ ಗಮನಿಸಬೇಕು.

ಮೊದಲ ಓಟ ನಡಿಗೆಯ ವೇಗದಲ್ಲಿ, ಜನ ಮತ್ತು ವಾಹನಗಳಿಲ್ಲದ ಸಮತಟ್ಟು ಜಾಗದಲ್ಲಿ ಆಗಬೇಕು. ಕಾರು ಕದಲಿದ ತಕ್ಷಣ ಒಮ್ಮೆ ಬ್ರೇಕ್ ಹಾಕಿ ನಿಲ್ಲಿಸಬೇಕು, ಕೈ ಹ್ಯಾಂಡ್‌ಬ್ರೇಕಿನ ಮೇಲಿರಬೇಕು. ಆಮೇಲೆ ವೇಗವನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹಲವು ಬಾರಿ ನಿಲ್ಲಿಸಿ, ಕಾರು ಒಂದು ಬದಿಗೆ ಎಳೆಯುತ್ತಿಲ್ಲವೆಂದೂ, ಪೆಡಲಿನ ಎತ್ತರ ಪ್ರತಿ ಸಲವೂ ಒಂದೇ ಇದೆಯೆಂದೂ ಖಚಿತಪಡಿಸಿಕೊಳ್ಳಬೇಕು. ಪೆಡಲಿನಲ್ಲಿ ಸಣ್ಣ ಅನುಮಾನ ಉಳಿದರೂ ಅಲ್ಲಿಗೇ ನಿಲ್ಲಿಸಬೇಕು.

ಹೊರತೆಗೆದ ದ್ರವವನ್ನು ಚರಂಡಿಗಾಗಲೀ ಮಣ್ಣಿಗಾಗಲೀ ಚೆಲ್ಲಬಾರದು, ಹಳೆಯ ಎಂಜಿನ್ ಆಯಿಲಿನೊಂದಿಗೂ ಬೆರೆಸಬಾರದು. ಬೇರೆ ಪಾತ್ರೆಯಲ್ಲಿ ಮುಚ್ಚಿ, ಮೇಲೆ ಹೆಸರು ಬರೆದು, ಅಪಾಯಕಾರಿ ತ್ಯಾಜ್ಯ ಸ್ವೀಕರಿಸುವ ಜಾಗಕ್ಕೆ ಅಥವಾ ಅದನ್ನು ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಬೇಕು. ದ್ರವ ಬದಲಿಸಿದ ದಿನಾಂಕವನ್ನೂ ಓಡಿದ ಕಿಲೋಮೀಟರನ್ನೂ ಒಂದು ಚೀಟಿಯಲ್ಲಿ ಬರೆದು ಬಾನೆಟ್ಟಿನ ಒಳಬದಿಗೆ ಅಂಟಿಸಿಡಬಹುದು. ಮರುದಿನ ಬೆಳಿಗ್ಗೆ, ಕಾರನ್ನು ಚಾಲೂ ಮಾಡುವ ಮೊದಲು ಡಬ್ಬಿಯ ಮಟ್ಟವನ್ನೂ ನಾಲ್ಕು ಚಕ್ರಗಳ ಒಳಬದಿಯನ್ನೂ ಮತ್ತೊಮ್ಮೆ ನೋಡಬೇಕು. ಮಟ್ಟ ಇಳಿದಿದ್ದರೆ ಅಥವಾ ಎಲ್ಲಾದರೂ ತೇವ ಕಂಡರೆ ಆ ನಿಪ್ಪಲನ್ನು ಪರೀಕ್ಷಿಸುವ ತನಕ ಕಾರು ಕದಲಬಾರದು.